ವೀಸಾ ಮೊದಲಾಗುವುದು ಶಾಲೆಯ ವಹಿಯಲ್ಲಿ

ಕಳೆದ ಶನಿವಾರ ಬೆಳಗಿನ ಶಾಲೆ ಮುಗಿಸಿ ಪ್ರಯೋಗಾಲಯಕ್ಕೆ ಬೀಗ ಹಾಕುತ್ತಿದ್ದೆ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ ಪ್ಲಾಸ್ಟಿಕ್ ಚೀಲವೊಂದನ್ನು ಎದೆಗವುಚಿಕೊಂಡು ಬಂದರು. ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುವವರು. ಮಗಳು ಜರ್ಮನಿಯಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಜುಲೈನಲ್ಲಿ ಗಂಡ ಹೆಂಡತಿ ಇಬ್ಬರೂ ಹೋಗಿ ಅವಳನ್ನು ನೋಡಿಕೊಂಡು ಬರುವ ಯೋಚನೆ.

‘ಮೇಷ್ಟ್ರೇ, ವೀಸಾಕ್ಕೆ ಅರ್ಜಿ ಹಾಕ್ಬೇಕು. ಎಲ್ಲಾ ಕಾಗದಾನೂ ತಂದಿದೀನಿ. ಕೊಡೋಕೆ ಮುಂಚೆ ಒಂದ್ಸಲ ನೀವು ನೋಡ್ಬಿಡಿ’ ಎಂದರು.

ಅವರು ಸಹಜವಾಗಿಯೇ ಹೇಳಿದರು. ನನಗೆ ಮಾತ್ರ ತಲೆ ಎತ್ತಿ ಅವರ ಮುಖ ನೋಡಲು ಆಗಲಿಲ್ಲ. ಏಕೆಂದರೆ ಅವರ ಮಗಳು ಜರ್ಮನಿಗೆ ಒಂದು ವರ್ಷ ತಡವಾಗಿ ಹೋಗಲು ಕಾರಣ ನಾನೇ.

ಈ ಅಂಕಣದಲ್ಲಿ ಸಾಮಾನ್ಯವಾಗಿ ಪಾಠದ ವಿಷಯ ಬರೆಯುತ್ತೇನೆ. ಈ ವಾರ ನನ್ನ ತಪ್ಪೊಂದನ್ನು ಬರೆಯುತ್ತಿದ್ದೇನೆ. ವಿದ್ಯಾರ್ಥಿಗಳು, ಅದಕ್ಕಿಂತ ಹೆಚ್ಚಾಗಿ ಪೋಷಕರು ಇದನ್ನು ಓದಬೇಕೆಂದು ನನ್ನ ಆಸೆ.

ಆ ಹುಡುಗಿ 2017ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದಳು. ಪರೀಕ್ಷೆಗೆ ಮೊದಲು ಮಂಡಳಿಗೆ ಕಳಿಸುವ ಹೆಸರುಗಳ ಪಟ್ಟಿಯನ್ನು ತರಗತಿ ಶಿಕ್ಷಕನಾದ ನಾನು ಬರೆದಿದ್ದೆ. ಜನನ ಪ್ರಮಾಣಪತ್ರದ ಪ್ರಕಾರ ಅವಳು ಹುಟ್ಟಿದ್ದು 2001ರ ಮೇ 12ರಂದು. ನಾನು 12ರ ಬದಲು 21 ಎಂದು ಬರೆದೆ. ಪಟ್ಟಿ ನೋಡಿ ಸಹಿ ಹಾಕುವಾಗ ಹುಡುಗಿಯೂ ಗಮನಿಸಲಿಲ್ಲ, ತಂದೆಯೂ ಗಮನಿಸಲಿಲ್ಲ. ಪಿಯುಸಿ ಮುಗಿಯಿತು, ಬಿ.ಇ. ಮುಗಿಯಿತು, ಯಾರೂ ಕೇಳಲಿಲ್ಲ. 2024ರಲ್ಲಿ ಜರ್ಮನಿಯ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿ, ಕಾಗದಪತ್ರ ಜೋಡಿಸುವಾಗ ಅದು ಎದ್ದು ಕಂಡಿತು. ಪಾಸ್‌ಪೋರ್ಟಿನಲ್ಲಿ 12, ಅಂಕಪಟ್ಟಿಯಲ್ಲಿ 21! ಎರಡೂ ಸರ್ಕಾರಿ ಕಾಗದಗಳೇ. ಹೆಸರಿನ ಕಾಗುಣಿತವನ್ನು ತಿದ್ದಿಸಿದಷ್ಟು ಸುಲಭವಾಗಿ ಹುಟ್ಟಿದ ದಿನವನ್ನು ತಿದ್ದಿಸಲಾಗದು. ಅವರು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ತಿದ್ದಿದ ಅಂಕಪಟ್ಟಿ ಕೈಗೆ ಬರುವ ವೇಳೆಗೆ ಅಕ್ಟೋಬರ್ ಕಳೆದಿತ್ತು. ಅವಳ ಕೋರ್ಸು ವರ್ಷಕ್ಕೊಮ್ಮೆ ಮಾತ್ರ ಆರಂಭವಾಗುವಂಥದ್ದು. ಹೋದದ್ದು 2025ರ ಅಕ್ಟೋಬರಿನಲ್ಲಿ.

ತಂದೆ ಒಂದು ದಿನವೂ ನನ್ನನ್ನು ಬೈಯಲಿಲ್ಲ. ಅದೇ ನನಗೆ ಹೆಚ್ಚು ನೋವಿನ ಸಂಗತಿ.

ಇಷ್ಟು ಚಿಕ್ಕ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ನೀವು ಕೇಳಬಹುದು. ವೀಸಾ ಎಂದರೇನೆಂದು ತಿಳಿದರೆ ಕಾರಣ ಅರ್ಥವಾಗುತ್ತದೆ. ಆ ಪದ ಲ್ಯಾಟಿನ್ ಭಾಷೆಯದು. ‘ನೋಡಲಾಗಿದೆ’ ಎಂಬುದು ಅದರ ಅರ್ಥ. ‘ನಾವು ಈ ಕಾಗದ ನೋಡಿದ್ದೇವೆ’ ಎಂದು ಪರದೇಶದವರು ಹಾಕುವ ಮುದ್ರೆ ಅದು. ಅಲ್ಲಿ ಕುಳಿತ ಅಧಿಕಾರಿಗೆ ನಿಮ್ಮ ಮಗಳು ಜಾಣೆ, ನಿಮ್ಮ ಮನೆತನ ಒಳ್ಳೆಯದು ಎಂಬುದು ಹೇಗೆ ತಿಳಿಯಬೇಕು? ಅವರ ಮುಂದಿರುವುದು ಕಾಗದ ಮಾತ್ರ. ಎಲ್ಲ ಕಾಗದಗಳೂ ಒಂದೇ ಮಾತು ಹೇಳಿದರೆ ಸರಿ. ಒಂದು ಕಾಗದ ಬೇರೆ ಹೇಳಿತೋ, ಉಳಿದವುಗಳ ಮೇಲೂ ಅನುಮಾನ ಬರುತ್ತದೆ.

ಜರ್ಮನಿಗೆ ಹೋಗುವ ವಿದ್ಯಾರ್ಥಿಗೆ ಬೇಕಾದ ಮುಖ್ಯ ಕಾಗದಗಳನ್ನು ನೋಡಿ. ಮೊದಲನೆಯದು ವಿಶ್ವವಿದ್ಯಾಲಯದ ಪ್ರವೇಶಪತ್ರ. ಎರಡನೆಯದು ಎಪಿಎಸ್ ಪ್ರಮಾಣಪತ್ರ. ನಮ್ಮ ವಿದ್ಯಾರ್ಥಿಗಳ ಶೈಕ್ಷಣಿಕ ದಾಖಲೆಗಳು ಅಸಲಿಯೇ ಎಂದು ಪರಿಶೀಲಿಸಿ ಕೊಡುವ ಪತ್ರವಿದು; 2022ರ ನವೆಂಬರಿನಿಂದ ಭಾರತದ ವಿದ್ಯಾರ್ಥಿಗಳಿಗೆ ಕಡ್ಡಾಯವಾಗಿದೆ. ಮೂರನೆಯದು ಹಣದ ಆಧಾರ. ಒಂದು ವರ್ಷದ ಖರ್ಚನ್ನು ಮೊದಲೇ ‘ಬ್ಲಾಕ್ಡ್ ಅಕೌಂಟ್’ ಎಂಬ ಖಾತೆಯಲ್ಲಿ ಇಡಬೇಕು. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತವನ್ನು 11,904 ಯೂರೋಗೆ ಏರಿಸಿದರು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಮಾತ್ರ ತೆಗೆಯಬಹುದು. ನಾಲ್ಕನೆಯದು ಆರೋಗ್ಯ ವಿಮೆ. ಮೊತ್ತಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ತಿಂಗಳಿನಲ್ಲಿ ಬೆಂಗಳೂರಿನ ಜರ್ಮನ್ ಕಾನ್ಸುಲೇಟಿನ ಪ್ರಕಟಣೆಯನ್ನೇ ನೋಡಿ. ಪಕ್ಕದ ಮನೆಯವರ ಮಗ ಹೋದ ವರ್ಷ ಏನು ಕೊಟ್ಟನೆಂಬುದು ನಿಮಗೆ ಆಧಾರವಾಗದು. ಇನ್ನೊಂದು ಮಾತು: ವೀಸಾ ನಿರಾಕರಿಸಿದರೆ ಪತ್ರ ಬರೆದು ಮರುಪರಿಶೀಲನೆ ಕೇಳುವ ಪದ್ಧತಿ ಹಿಂದೆ ಇತ್ತು. 2025ರ ಜುಲೈ 1ರಿಂದ ಜರ್ಮನಿ ಅದನ್ನು ನಿಲ್ಲಿಸಿದೆ. ಈಗ ಹೊಸದಾಗಿ ಅರ್ಜಿ ಹಾಕಬೇಕು, ಇಲ್ಲವೇ ಅಲ್ಲಿಯ ನ್ಯಾಯಾಲಯಕ್ಕೆ ಹೋಗಬೇಕು. ಆದ್ದರಿಂದ ಮೊದಲ ಅರ್ಜಿಯೇ ಸರಿಯಾಗಿರಬೇಕು.

ಈಗ ನಮ್ಮ ವಿಜ್ಞಾನದ ವಿಷಯಕ್ಕೆ ಬರೋಣ. ಮನೆಯಲ್ಲಿ ಪಾಸ್‌ಪೋರ್ಟ್ ಇದ್ದರೆ ಭಾವಚಿತ್ರವಿರುವ ಪುಟ ತೆಗೆಯಿರಿ. ಕೆಳಗೆ ಎರಡು ಸಾಲುಗಳಿವೆ. ಒಂದೊಂದರಲ್ಲೂ 44 ಅಕ್ಷರ, ಅಂಕಿ, ಬಾಣದ ತಲೆಯಂಥ ಗುರುತುಗಳು. ಇದು ಯಂತ್ರ ಓದುವ ಭಾಗ. ಎರಡನೆಯ ಸಾಲಿನಲ್ಲಿ ಐ-ಎನ್-ಡಿ ಎಂಬ ಮೂರು ಅಕ್ಷರಗಳ ನಂತರ ಆರು ಅಂಕಿಗಳಲ್ಲಿ ಹುಟ್ಟಿದ ದಿನವಿದೆ: ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ತಾರೀಖು. ಅದರ ಪಕ್ಕದ ಏಳನೆಯ ಅಂಕಿ ಕಾವಲುಗಾರ. ಅದನ್ನು ತಾಳೆಯ ಅಂಕಿ ಎಂದು ಕರೆಯೋಣ.

ಲೆಕ್ಕ ಸುಲಭ. ಆರು ಅಂಕಿಗಳನ್ನು ಕ್ರಮವಾಗಿ 7, 3, 1, 7, 3, 1ರಿಂದ ಗುಣಿಸಿ ಕೂಡಿಸಬೇಕು. ಮೊತ್ತವನ್ನು 10ರಿಂದ ಭಾಗಿಸಿದಾಗ ಉಳಿಯುವ ಶೇಷವೇ ತಾಳೆಯ ಅಂಕಿ. 2001ರ ಮೇ 12 ಎಂದರೆ 010512. ಗುಣಿಸಿದರೆ 0, 3, 0, 35, 3, 2, ಮೊತ್ತ 43, ಶೇಷ 3. ನಾನು ಮಾಡಿದ ತಪ್ಪನ್ನೇ ಮಾಡಿ 010521 ಎಂದು ಬರೆದರೆ? 0, 3, 0, 35, 6, 1, ಮೊತ್ತ 45, ಶೇಷ 5. ಪಕ್ಕದಲ್ಲಿ 3 ಇರುವುದರಿಂದ ಯಂತ್ರ ಕೂಡಲೇ ‘ತಾಳೆಯಾಗುತ್ತಿಲ್ಲ’ ಎನ್ನುತ್ತದೆ. ಯಾವುದೇ ಒಂದು ಅಂಕಿ ಬದಲಾದರೂ ಈ ಲೆಕ್ಕ ಹಿಡಿಯುತ್ತದೆ. ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೆ ಬಹುಮಟ್ಟಿಗೆ ಹಿಡಿಯುತ್ತದೆ. ಆ ಎರಡರ ವ್ಯತ್ಯಾಸ ಸರಿಯಾಗಿ 5 ಇದ್ದರೆ ಮಾತ್ರ ತಪ್ಪಿಸಿಕೊಳ್ಳುತ್ತದೆ. ಉದಾಹರಣೆಗೆ 1 ಮತ್ತು 6. ಏಕೆ ಎಂಬುದನ್ನು ಹತ್ತನೆಯ ತರಗತಿಯವರು ಯೋಚಿಸಿ ಕಂಡುಹಿಡಿಯಬಹುದು.

ಆದರೆ ಒಂದು ವಿಷಯ ಮರೆಯಬೇಡಿ. ಮೊದಲಿಗೇ 21 ಎಂದು ತಪ್ಪಾಗಿ ಬರೆದುಕೊಟ್ಟರೆ ಯಂತ್ರ ಆ 21ಕ್ಕೇ ತಕ್ಕ ತಾಳೆಯ ಅಂಕಿ ಹಾಕಿ ಸುಮ್ಮನಾಗುತ್ತದೆ. ಬರೆದದ್ದು ಓದಿದಂತೆ ಇದೆಯೇ ಎಂದು ಅದು ನೋಡಬಲ್ಲದು. ಬರೆದದ್ದು ನಿಜವೇ ಎಂದು ನೋಡಲಾರದು. ಆ ಕೆಲಸ ತಂದೆತಾಯಿಯದು, ಮತ್ತು ನನ್ನಂಥ ಮೇಷ್ಟರದು.

ಹೆಸರಿನ ವಿಷಯದಲ್ಲೂ ನಮ್ಮ ಕಡೆಯವರಿಗೆ ತೊಂದರೆ ಹೆಚ್ಚು. ನಮಗೆ ಇನಿಷಿಯಲ್ ಸಾಕು. ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ. ಅದನ್ನು ಬಿಡಿಸಿ ಬರೆಯಬೇಕು. ಉಪನಾಮದ ಜಾಗ ಖಾಲಿ ಬಿಟ್ಟವರೂ ಇದ್ದಾರೆ. ಜರ್ಮನಿ ಹಾಗಿರಲಿ, ನಮ್ಮವರು ಹೆಚ್ಚಾಗಿ ಹೋಗುವ ದುಬೈನ ವಿಷಯ ಕೇಳಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರನ್ನು ಸಂದರ್ಶಕರ ವೀಸಾದ ಮೇಲೆ ಒಳಗೆ ಬಿಡುವುದಿಲ್ಲವೆಂದು 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನ ಹೇಳಿತು. ಪಾಸ್‌ಪೋರ್ಟಿನ ಕೊನೆಯ ಪುಟಗಳಲ್ಲಿ ತಂದೆಯ ಹೆಸರಿದ್ದರೆ ಆದೀತೆಂದು ಆಮೇಲೆ ಸಡಿಲಿಸಿತು. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಹೆಸರು ಹೇಗಿದೆಯೋ ಪಾಸ್‌ಪೋರ್ಟಿನಲ್ಲೂ ಹಾಗೆಯೇ ಇರುವಂತೆ ಮೊದಲೇ ನೋಡಿಕೊಳ್ಳುವುದು ಜಾಣತನ. ಇಂಗ್ಲಿಷಿನಲ್ಲಿ ‘ತ’ಕಾರಕ್ಕೆ ಒಂದು ಕಡೆ ‘ಟಿ’, ಇನ್ನೊಂದು ಕಡೆ ‘ಟಿ ಎಚ್’ ಬರೆದರೂ ನಾಳೆ ಪ್ರಮಾಣಪತ್ರ ಮಾಡಿಸುತ್ತ ಅಲೆಯಬೇಕಾಗುತ್ತದೆ.

ಗಿರಣಿಯವರ ಚೀಲಕ್ಕೆ ಮರಳೋಣ. ಅವರ ಪಾಸ್‌ಪೋರ್ಟ್ ತೆಗೆದು ನೋಡಿದೆ. ಹುಟ್ಟಿದ್ದು ಜೂನ್ 1. ನಕ್ಕೆ, ಅವರೂ ನಕ್ಕರು. ನಮ್ಮ ಪೀಳಿಗೆಯಲ್ಲಿ ಊರಿನ ಅರ್ಧ ಜನ ಜೂನ್ 1ರಂದೇ ಹುಟ್ಟಿದವರು! ಶಾಲೆಗೆ ಸೇರಿಸುವಾಗ ಮೇಷ್ಟರು ವಯಸ್ಸು ಸರಿಹೋಗುವಂತೆ ಹಾಕಿದ ತಾರೀಖು ಅದು. ನಿಜವಾದ ದಿನ ಯಾವುದೆಂದು ಅವರ ತಾಯಿಗೂ ನೆನಪಿರಲಿಲ್ಲವಂತೆ. ಪುಣ್ಯಕ್ಕೆ ಆಧಾರ್, ಪ್ಯಾನ್, ಪಾಸ್‌ಪೋರ್ಟ್ ಎಲ್ಲದರಲ್ಲೂ ಒಂದೇ ತಾರೀಖು ಇತ್ತು.

ತಂದೆತಾಯಿಗೆ ಬೇಕಾದದ್ದು ಓದುವ ವೀಸಾ ಅಲ್ಲ, ಷೆಂಗೆನ್ ವೀಸಾ. ಲಕ್ಸೆಂಬರ್ಗ್ ದೇಶದ ಷೆಂಗೆನ್ ಎಂಬ ಹಳ್ಳಿಯಲ್ಲಿ 1985ರ ಜೂನ್ 14ರಂದು ಐದು ದೇಶಗಳು ಮಾಡಿಕೊಂಡ ಒಪ್ಪಂದದಿಂದ ಈ ಹೆಸರು ಬಂದಿದೆ. ಈಗ 29 ದೇಶಗಳಿಗೆ ಒಂದೇ ವೀಸಾ ಸಾಕು. 2024ರ ಜೂನ್ 11ರಿಂದ ಶುಲ್ಕ ದೊಡ್ಡವರಿಗೆ 90 ಯೂರೋ. ಪ್ರವಾಸಕ್ಕೆ ಆರು ತಿಂಗಳ ಮುಂಚೆಯೇ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ ಮುಂಚೆ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಅಲ್ಲಿಂದ ಹೊರಟ ಮೇಲೂ ಮೂರು ತಿಂಗಳ ಅವಧಿ ಉಳಿದಿರಬೇಕು, ಎರಡು ಪುಟ ಖಾಲಿ ಇರಬೇಕು. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸಿ ವೈದ್ಯಕೀಯ ವಿಮೆ ಬೇಕು.

‘ಎಷ್ಟು ದಿನ ಇರ್ತೀರಿ?’ ಎಂದು ಕೇಳಿದೆ.

‘ಮೂರು ತಿಂಗಳು ಇರಬಹುದು ಅಂದ್ರಲ್ಲ. ಜುಲೈ ಒಂದಕ್ಕೆ ಹೋಗಿ ಸೆಪ್ಟೆಂಬರ್ ಮೂವತ್ತಕ್ಕೆ ವಾಪಸ್.’

ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ಬರೆದೆ. ಜುಲೈ 31, ಆಗಸ್ಟ್ 31, ಸೆಪ್ಟೆಂಬರ್ 30. ಒಟ್ಟು 92 ದಿನ. ನಿಯಮ ಹೇಳುವುದು ಮೂರು ತಿಂಗಳಲ್ಲ, ಯಾವುದೇ 180 ದಿನಗಳಲ್ಲಿ 90 ದಿನ. ಒಳಗೆ ಹೋದ ದಿನ, ಹೊರಗೆ ಬಂದ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ವೀಸಾದಲ್ಲಿ ಇನ್ನೂ ಕಡಿಮೆ ದಿನ ಬರೆದಿದ್ದರೆ ಅಷ್ಟೇ. ನಡುವೆ ಊರಿಗೆ ಬಂದು ಮತ್ತೆ ಹೋದರೂ ಲೆಕ್ಕ ಹೊಸದಾಗಿ ಶುರುವಾಗದು. ಮೇ 10ರಿಂದ ಜೂನ್ 30ರವರೆಗೆ ಇದ್ದರೆ 52 ದಿನ ಆಯಿತು. ಸೆಪ್ಟೆಂಬರ್ 1ಕ್ಕೆ ಮತ್ತೆ ಹೋದರೆ ಅಂದಿನಿಂದ ಹಿಂದಕ್ಕೆ 180 ದಿನ ಎಣಿಸಬೇಕು. ಮಾರ್ಚ್ 6ರವರೆಗೆ ಹೋಗುತ್ತದೆ. 52 ದಿನವೂ ಅದರೊಳಗೇ ಇದೆ. ಉಳಿದದ್ದು 38 ದಿನ, ಅಂದರೆ ಅಕ್ಟೋಬರ್ 8ರೊಳಗೆ ಹೊರಡಬೇಕು. ಹಿಂದೆ ಪಾಸ್‌ಪೋರ್ಟಿನ ಮುದ್ರೆ ನೋಡಿ ಅಧಿಕಾರಿ ಬೆರಳು ಮಡಿಸುತ್ತಿದ್ದರು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದಿರುವ ಹೊಸ ವ್ಯವಸ್ಥೆಯಲ್ಲಿ ಕಂಪ್ಯೂಟರೇ ಎಣಿಸುತ್ತದೆ.

ಗಿರಣಿಯವರು ಎರಡು ದಿನ ಕಡಿಮೆ ಮಾಡಲು ಒಪ್ಪಲಿಲ್ಲ; ಎರಡು ವಾರವನ್ನೇ ಕಡಿಮೆ ಮಾಡಿದರು. ‘ಅಂಚಿನಲ್ಲಿ ನಡೆಯೋದು ಬೇಡ ಮೇಷ್ಟ್ರೇ. ವಿಮಾನ ತಪ್ಪಿದ್ರೆ?’ ಎಂದರು. ಒಳ್ಳೆಯ ಮಾತು.

ವೀಸಾ ಸಿಕ್ಕಿದರೆ ಪ್ರವೇಶ ಸಿಕ್ಕಿತೆಂದು ತಿಳಿಯಬೇಡಿ. ವೀಸಾ ಬಾಗಿಲು ತಟ್ಟಲು ಸಿಕ್ಕ ಅನುಮತಿ. ಬಾಗಿಲು ತೆಗೆಯುವವರು ವಿಮಾನ ನಿಲ್ದಾಣದ ಗಡಿ ಅಧಿಕಾರಿ. ಏಕೆ ಬಂದಿರಿ, ಎಲ್ಲಿರುತ್ತೀರಿ, ಹಣವೆಷ್ಟಿದೆ, ಎಂದು ಮರಳುತ್ತೀರಿ ಎಂದು ಅವರು ಕೇಳಬಹುದು. ಮಗಳ ವಿಳಾಸ, ದೂರವಾಣಿ ಸಂಖ್ಯೆ, ವಾಪಸ್ ಟಿಕೆಟ್, ವಿಮೆಯ ಪತ್ರ ಕೈಚೀಲದಲ್ಲೇ ಇರಲಿ. ದೊಡ್ಡ ಪೆಟ್ಟಿಗೆಯಲ್ಲಿಟ್ಟರೆ ಆ ಹೊತ್ತಿಗೆ ಕೈಗೆ ಸಿಗದು. ಇಂಗ್ಲಿಷ್ ಬಾರದಿದ್ದರೆ ನಾಚಬೇಕಿಲ್ಲ. ಮಗಳು ಬರೆದ ಪತ್ರ ತೋರಿಸಿ. ಗೊತ್ತಿಲ್ಲದ್ದಕ್ಕೆ ‘ಎಸ್’ ಎನ್ನುವುದು ಬೇಡ.

ಚೀಲದ ತಳದಲ್ಲಿ ಇನ್ನೊಂದು ಪಟ್ಟಿ ಇತ್ತು. ತಾಯಿ ಮಗಳಿಗೆ ಒಯ್ಯಬೇಕೆಂದಿದ್ದ ತಿನಿಸುಗಳದು. ಮೊದಲನೆಯದೇ ಎರಡು ಕಿಲೋ ತುಪ್ಪ. ಯೂರೋಪಿನ ಒಕ್ಕೂಟಕ್ಕೆ ನಮ್ಮಂಥ ಹೊರದೇಶಗಳಿಂದ ಪ್ರಯಾಣಿಕರು ಹಾಲಿನ ಪದಾರ್ಥವನ್ನೂ ಮಾಂಸವನ್ನೂ ಒಯ್ಯುವಂತಿಲ್ಲ. ಕಾಲುಬಾಯಿ ಬೇನೆಯಂಥ ದನಗಳ ರೋಗ ಅವುಗಳೊಡನೆ ಬರಬಾರದೆಂಬುದು ಕಾರಣ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ತಾಜಾ ಕರಿಬೇವು, ಮಾವಿನಹಣ್ಣು ಕೂಡದು. ಹಣ್ಣಿನ ನೊಣ ಸಿಕ್ಕಿತೆಂದು 2014ರ ಮೇ ತಿಂಗಳಿನಿಂದ 2015ರ ಆರಂಭದವರೆಗೆ ಭಾರತದ ಮಾವನ್ನೇ ಅವರು ತಡೆದಿದ್ದರು. ತೆಂಗಿನಕಾಯಿ, ಬಾಳೆಹಣ್ಣಿಗೆ ಆ ಪ್ರಮಾಣಪತ್ರ ಬೇಡ. ‘ತುಪ್ಪ ಬೇಡ ಅಂದ್ರೆ ಮನೇಲಿ ಯಾರು ಹೇಳೋದು?’ ಎಂದರು ಗಿರಣಿಯವರು. ಆ ಕೆಲಸ ಅವರಿಗೇ ಬಿಟ್ಟೆ.

ಕಾಗದಗಳನ್ನು ಮತ್ತೊಮ್ಮೆ ಒಂದೊಂದಾಗಿ ತಾಳೆ ನೋಡಿ ಚೀಲಕ್ಕೆ ಹಾಕಿಕೊಟ್ಟೆ. ಹೋಗುವಾಗ ಅವರು, ‘ಈ ಸಲ ಧೈರ್ಯ ಬಂತು ಮೇಷ್ಟ್ರೇ’ ಎಂದರು.

ಆ ಹುಡುಗಿಯ ವಿಷಯ ತಿಳಿದ ವರ್ಷದಿಂದ ನಾನೊಂದು ರೂಢಿ ಮಾಡಿಕೊಂಡಿದ್ದೇನೆ. ಹತ್ತನೆಯ ತರಗತಿಯ ಹೆಸರುಪಟ್ಟಿ ಕಳಿಸುವ ಮುನ್ನ ಒಂದು ಪೂರ್ತಿ ಪೀರಿಯಡ್ ಪಾಠ ನಿಲ್ಲಿಸುತ್ತೇನೆ. ಪ್ರತಿಯೊಬ್ಬರೂ ಜನನ ಪ್ರಮಾಣಪತ್ರ ತರಬೇಕು. ನಾನು ಹೆಸರು, ತಂದೆತಾಯಿಯ ಹೆಸರು, ಹುಟ್ಟಿದ ದಿನ ಗಟ್ಟಿಯಾಗಿ ಓದುತ್ತೇನೆ. ಮಗು ತನ್ನ ಕಾಗದ ನೋಡಿ ‘ಸರಿ ಸಾರ್’ ಎನ್ನಬೇಕು. ಆಮೇಲೆ ಪಟ್ಟಿ ಮನೆಗೆ ಹೋಗಿ ಪೋಷಕರ ಸಹಿಯೊಂದಿಗೆ ಬರಬೇಕು.

ಪೋಷಕರೇ, ಆ ಪಟ್ಟಿ ನಿಮ್ಮ ಮನೆಗೆ ಬಂದಾಗ ಒಲೆಯ ಮುಂದೆ ನಿಂತು ಅವಸರದಲ್ಲಿ ಸಹಿ ಹಾಕಬೇಡಿ. ಕುಳಿತು, ಕನ್ನಡಕ ಹಾಕಿಕೊಂಡು, ಅಂಕಿಯ ಮೇಲೆ ಬೆರಳಿಟ್ಟು ಓದಿ. ತಪ್ಪು ಕಂಡರೆ ಮೇಷ್ಟರು ಬೇಸರಪಟ್ಟುಕೊಂಡಾರೆಂದು ಸುಮ್ಮನಿರಬೇಡಿ. ನಾವೂ ತಪ್ಪುವವರೇ.