ಮಳೆಗಾಲಕ್ಕೆ ಮುನ್ನ ಕಲಿಯಬೇಕಾದ ವಿದ್ಯೆ

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಗುಡ್ಡ ಕುಸಿದಾಗ, ಹವ್ಯಾಸಿ ರೇಡಿಯೋ ಬಳಗದವರು ಕಲ್ಪೆಟ್ಟದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಂದ್ರ ತೆರೆದು ರಕ್ಷಣಾ ಕಾರ್ಯಕ್ಕೆ ನೆರವಾದರು. 2004ರ ಡಿಸೆಂಬರ್ 26ರ ಸುನಾಮಿಯ ಬಳಿಕ ಅಂಡಮಾನಿನ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿದವರಲ್ಲಿಯೂ, ರೇಡಿಯೋ ಪ್ರಸಾರಕ್ಕೆಂದೇ ಪೋರ್ಟ್‌ಬ್ಲೇರ್‌ಗೆ ಹೋಗಿದ್ದ ಹವ್ಯಾಸಿಗಳಿದ್ದರು.

ಇಂಥ ಸಿದ್ಧತೆ ಒಂದು ದಿನದಲ್ಲಿ ಒದಗುವುದಲ್ಲ. ಹವ್ಯಾಸಿ ಸಂಘಗಳು ನಡೆಸುವ ‘ಫೀಲ್ಡ್ ಡೇ’ ಇದಕ್ಕೆ ಅಭ್ಯಾಸ. ಬಯಲಿನಲ್ಲಿ ತಂತಿ ಕಟ್ಟಿ, ಬ್ಯಾಟರಿಯಿಂದಲೇ ಯಂತ್ರ ನಡೆಸಿ, ದೂರದ ಕೇಂದ್ರಗಳೊಡನೆ ಮಾತಾಡುವುದೇ ಅದರ ಕ್ರಮ. ಮಲೆಸೀಮೆಗೆ ಇದು ಇನ್ನಷ್ಟು ಅಗತ್ಯ. ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ಯಂತ್ರದ ಅಲೆಗಳನ್ನು ಎದುರಿನ ಗುಡ್ಡವೇ ತಡೆಯುತ್ತದೆ. 7 ಮೆಗಾಹರ್ಟ್ಸ್ ಅಲೆಗಳನ್ನು ನೇರ ಮೇಲಕ್ಕೆ ಕಳುಹಿಸಿದರೆ, ಅವು ಅಯಾನುಗೋಳದಿಂದ ಮರಳಿ ಆಚೆಯ ಕಣಿವೆಗೆ ಇಳಿಯಬಲ್ಲವು. ಅದಕ್ಕೆ ಗೋಪುರ ಬೇಡ, ಕಾಡು ಕಡಿಯಬೇಕಿಲ್ಲ. ಮರಗಳ ನಡುವೆ ಕಟ್ಟಿದ ತಂತಿ ಸಾಕು.

ರೇಡಿಯೋ ಗುಡ್ಡದ ಕುಸಿತವನ್ನು ತಡೆಯಲಾರದು. ಕಾಡಿನ ರಕ್ಷಣೆಗೆ ಬದಲಿಯೂ ಆಗಲಾರದು. ಆದರೆ ದಾರಿ ಮುಚ್ಚಿದ ಊರಿನ ಕೂಗನ್ನು ಅದು ಹೊರಗೆ ಮುಟ್ಟಿಸಬಲ್ಲುದು. ಪರವಾನಗಿಯಿಲ್ಲದೆ ಪ್ರಸಾರ ಸಲ್ಲದು. ಅದಕ್ಕೆ ಕೇಂದ್ರ ಸಂಪರ್ಕ ಸಚಿವಾಲಯದ ಪರೀಕ್ಷೆಯಿದೆ. ಮಲೆನಾಡಿನ ಶಾಲೆ-ಕಾಲೇಜುಗಳು ವಿದ್ಯಾರ್ಥಿಗಳನ್ನು ಬೇಸಿಗೆಯಲ್ಲೇ ಇದಕ್ಕೆ ಸಜ್ಜುಗೊಳಿಸಲಿ. ಗುಡ್ಡ ಜಾರಿದ ರಾತ್ರಿ ಕಲಿಯಲು ಕುಳಿತರೆ ಪ್ರಯೋಜನವಿಲ್ಲ.