ಲಿನಕ್ಸ್‌ಗೆ ಜನ ಸೇರಲಿ ಬಿಡಿ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕಿಸೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ಏಳೆಂಟು ವರ್ಷಕ್ಕಿಂತ ಹಳೆಯ ಪ್ರೊಸೆಸರುಗಳನ್ನು ಹತ್ತಿರಕ್ಕೇ ಸೇರಿಸುವುದಿಲ್ಲ. ನಂಜನಗೂಡಿನ ಡಿಟಿಪಿ ಅಂಗಡಿ, ಟಿ. ನರಸೀಪುರದ ಜೆರಾಕ್ಸ್ ಅಂಗಡಿಗಳಲ್ಲಿ ಇರುವುದು ಹೆಚ್ಚಾಗಿ ಅಂಥ ಹಳೆಯ ಯಂತ್ರಗಳೇ. ಸರಿಯಾಗಿ ಓಡುತ್ತಿರುವುದನ್ನು ಗುಜರಿಗೆ ಹಾಕುವ ಬದಲು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಹಾಕಿಸಿಕೊಳ್ಳಿ ಎಂದು ನಾವು ಕೆಲವರು ಹೇಳುತ್ತಿದ್ದೇವೆ. ಇದಕ್ಕೆ ಅಡ್ಡಮಾತು ಬಂದದ್ದು ವಿಂಡೋಸ್ ಕಡೆಯವರಿಂದಲ್ಲ. ವರ್ಷಗಟ್ಟಲೆ ಲಿನಕ್ಸನ್ನೇ ನೆಚ್ಚಿಕೊಂಡ ನಮ್ಮವರೇ, “ಸುಮ್ಮನಿರಿ, ಎಲ್ಲರೂ ಬಂದರೆ ಇದೂ ಕೆಡುತ್ತದೆ” ಎನ್ನುತ್ತಿದ್ದಾರೆ. ಅವರ ವಾದಗಳು ಪೊಳ್ಳಲ್ಲ. ಆದರೆ ಅವು ಬೊಟ್ಟುಮಾಡುವ ಕಡೆ ಕಳ್ಳನಿಲ್ಲ.

ಅವರ ಮೊದಲ ಮಾತು ವೈರಸ್ಸಿನದು. ಜನ ಕಡಿಮೆ ಇರುವುದರಿಂದಲೇ ದಾಳಿಕೋರರು ಇತ್ತ ತಲೆಹಾಕುತ್ತಿಲ್ಲ, ಜನ ಹೆಚ್ಚಿದರೆ ಅವರೂ ಬರುತ್ತಾರೆ ಎಂಬುದು. ಬರುವುದೇನು, ಬಂದು ಎಷ್ಟೋ ಕಾಲವಾಯಿತು. 2017ರ ನವೆಂಬರಿನಿಂದ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ ಲಿನಕ್ಸ್ ಬಿಟ್ಟು ಬೇರೆ ವ್ಯವಸ್ಥೆಯೇ ಇಲ್ಲ. ಅಂತರಜಾಲದ ಸರ್ವರುಗಳಲ್ಲಿ ಬಹುಪಾಲು ಅದೇ. 2016ರ ‘ಮಿರಾಯ್’ ದಾಳಿ ಕೈವಶ ಮಾಡಿಕೊಂಡದ್ದು ಏನನ್ನು? ಲಿನಕ್ಸ್ ಓಡಿಸುವ ಸಿಸಿಟಿವಿ ಕ್ಯಾಮೆರಾ, ರೌಟರುಗಳನ್ನು. ಅದೂ ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲವೆಂಬ ಕಾರಣಕ್ಕೆ. ಅಂಗಡಿಯ ಮೇಜಿನ ಮೇಲಿನ ಯಂತ್ರಕ್ಕೆ ಲಿನಕ್ಸ್ ಹಾಕಿಸಿಕೊಂಡವರು ನಾಲ್ಕೇ ಜನ ಎಂದಮಾತ್ರಕ್ಕೆ ಲಿನಕ್ಸ್ ಕಳ್ಳರ ಕಣ್ಣಿಗೆ ಬಿದ್ದಿಲ್ಲವೆಂದು ತಿಳಿಯುವುದು ನಮ್ಮ ಭ್ರಮೆ.

ಇದೇ ವಾದಕ್ಕೆ ನಮ್ಮೂರಿನದೇ ಸಾಕ್ಷಿ ತಂದು ನಿಲ್ಲಿಸಿದವರಿದ್ದಾರೆ: ನಂಜನಗೂಡು ರಸಬಾಳೆ. ಹೆಸರು ಬಂತು, ಎಲ್ಲರೂ ಅದನ್ನೇ ನೆಟ್ಟರು, ಪನಾಮಾ ಸೊರಗು ರೋಗ ಬಂದು ತೋಟಕ್ಕೆ ತೋಟವೇ ಹೋಯಿತು ಎಂದು. ಉದಾಹರಣೆ ಒಳ್ಳೆಯದು, ಆದರೆ ನನ್ನ ಪರವಾಗಿದೆ. ರೋಗಕ್ಕೆ ಬೇಕಾದ್ದು ಗಿಡದ ಕೀರ್ತಿಯಲ್ಲ. ಬಾಳೆಯಲ್ಲಿ ಬೀಜವಿಲ್ಲ, ಕಂದು ಕಿತ್ತು ನೆಡುವುದರಿಂದ ಪ್ರತಿ ಗಿಡವೂ ಹಿಂದಿನದರ ಪಡಿಯಚ್ಚು. ಒಂದಕ್ಕೆ ತಡೆಯುವ ಶಕ್ತಿ ಇಲ್ಲದಿದ್ದರೆ ಯಾವುದಕ್ಕೂ ಇಲ್ಲ, ಮೇಲಾಗಿ ಆ ಶಿಲೀಂಧ್ರ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಹೊರದೇಶಗಳ ‘ಗ್ರೋ ಮಿಶೆಲ್’ ಬಾಳೆಯ ತೋಟಗಳನ್ನು ಮುಗಿಸಿದ್ದೂ ಇದೇ ರೋಗ, ಇದೇ ಕಾರಣ. ಲಿನಕ್ಸ್ ಹಾಗೆ ಒಂದೇ ಕಂದಿನ ತೋಟವಲ್ಲ.

2024ರ ಮಾರ್ಚಿನ ‘ಎಕ್ಸ್‌ಜೆಡ್’ ಪ್ರಕರಣವನ್ನೇ ನೋಡಿ. ಕಡತಗಳನ್ನು ಕುಗ್ಗಿಸುವ ಒಂದು ಚಿಕ್ಕ ತಂತ್ರಾಂಶ ಅದು. ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಹಿಂಬಾಗಿಲು ಇಟ್ಟಿದ್ದರು. ಡೆಬಿಯನ್, ಫೆಡೋರಾ ಬಗೆಯ ಲಿನಕ್ಸ್ ವ್ಯವಸ್ಥೆಗಳಿಗಷ್ಟೇ ಹೊಂದುವಂತೆ ಹೂಡಿದ ಸಂಚು. ಆರ್ಚ್ ಲಿನಕ್ಸಿನಲ್ಲಿ ಜೋಡಣೆ ಬೇರೆಯಾದ್ದರಿಂದ ಅದೇ ಆವೃತ್ತಿ ಹೋಗಿದ್ದರೂ ಬಾಗಿಲು ತೆರೆಯುವಂತಿರಲಿಲ್ಲ. ಇನ್ನು ಕಳ್ಳ ಒಳಗೆ ಬಂದ ದಾರಿ? ಆ ತಂತ್ರಾಂಶವನ್ನು ಲಾಸ್ಸೆ ಕೊಲಿನ್ ಎಂಬ ಒಬ್ಬರೇ, ಸಂಬಳವಿಲ್ಲದೆ, ದಣಿದುಕೊಂಡು ನೋಡಿಕೊಳ್ಳುತ್ತಿದ್ದರು. ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಬಂದವನು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸವನ್ನೇ ಮಾಡಿ ನಂಬಿಕೆ ಗಳಿಸಿದ. ನಡುವೆ ಬೇರೆ ಬೇರೆ ಹೆಸರುಗಳಿಂದ “ಕೆಲಸ ನಿಧಾನವಾಯಿತು, ಇನ್ನೊಬ್ಬರಿಗೆ ಅಧಿಕಾರ ಕೊಡಿ” ಎಂಬ ಒತ್ತಡ ಬಂತು. ನೋಡಿ, ಬಳಕೆದಾರರ ಹಾವಳಿ ಎಂದರೆ ಇದೇ ಎಂದು ಗೆಳೆಯರು ಹೇಳಬಹುದು. ಆ ಹೆಸರುಗಳ ಹಿಂದೆ ನಿಜವಾದ ಬಳಕೆದಾರರು ಇದ್ದ ಕುರುಹೇ ಇಲ್ಲ. ನಿಜವಾದ ಬಳಕೆದಾರ ಬಂದದ್ದು ಕಡೆಗೆ: ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತಮ್ಮ ಡೆಬಿಯನ್ ಯಂತ್ರದಲ್ಲಿ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೆನ್ನು ಹತ್ತಿ ಕಳ್ಳತನ ಹಿಡಿದರು. ಜನ ಹೆಚ್ಚಾದದ್ದು ಅಲ್ಲಿ ರೋಗವಲ್ಲ. ಕೋಟಿ ಯಂತ್ರಗಳು ನೆಚ್ಚಿಕೊಂಡ ಕೆಲಸಕ್ಕೆ ಒಬ್ಬರೇ ದಿಕ್ಕಾಗಿದ್ದದ್ದು ರೋಗ.

ಎರಡನೆಯ ಆಕ್ಷೇಪ, ದುಡ್ಡಿನ ಕುಳಗಳು ಬರುತ್ತವೆ ಎಂಬುದು. ಇದರಲ್ಲಿ ಅರ್ಧ ಸತ್ಯವನ್ನು ಒಪ್ಪುತ್ತೇನೆ. ಉಬುಂಟು ಎಂಬ ಲಿನಕ್ಸಿನ 2012ರ 12.10 ಆವೃತ್ತಿಯಲ್ಲಿ ನಮ್ಮ ಕಂಪ್ಯೂಟರಿನೊಳಗಿನ ಕಡತ ಹುಡುಕಲು ಹೋದರೆ ಆ ಪದ ಹೊರಗೆ ಹೋಗಿ ಅಮೆಜಾನಿನ ಸಾಮಾನುಗಳು ತೆರೆಯ ಮೇಲೆ ಬರುತ್ತಿದ್ದವು. ನಾಚಿಕೆಗೇಡಿನ ಕೆಲಸ. ರಿಚರ್ಡ್ ಸ್ಟಾಲ್‌ಮನ್ ಅದನ್ನು ಬೇಹುಗಾರಿಕೆ ಎಂದೇ ಕರೆದರು. ಐಬಿಎಂ 2019ರಲ್ಲಿ ಲಿನಕ್ಸ್ ಕಂಪನಿ ರೆಡ್ ಹ್ಯಾಟನ್ನು 34 ಶತಕೋಟಿ ಡಾಲರಿಗೆ ಕೊಂಡಿತು. ಮರುವರ್ಷದ ಡಿಸೆಂಬರಿನಲ್ಲಿ, ರೆಡ್ ಹ್ಯಾಟ್ ಲಿನಕ್ಸಿನ ಪುಕ್ಕಟೆ ರೂಪವಾಗಿದ್ದ, 2029ರವರೆಗೆ ಬದುಕಬೇಕಿದ್ದ ಸೆಂಟ್‌ಓಎಸ್ 8 ಅನ್ನು 2021ರ ಕೊನೆಗೇ ಮುಗಿಸುವ ಘೋಷಣೆ ಬಂತು. ಇದನ್ನೆಲ್ಲ ಮುಚ್ಚಿಟ್ಟು ವಾದ ಮಾಡಲಾರೆ.

ಆದರೆ ಕಥೆಯನ್ನು ಅಲ್ಲಿಗೇ ನಿಲ್ಲಿಸುವುದು ಸರಿಯೆ? ಬೈಗುಳ ತಿಂದೂ ತಿಂದೂ ಉಬುಂಟು 16.04ರ ಹೊತ್ತಿಗೆ ಆ ಸೌಲಭ್ಯವನ್ನು ತಾನಾಗಿ ಚಾಲೂ ಆಗದಂತೆ ಮಾಡಿತು. ಸೆಂಟ್‌ಓಎಸ್ ಮುಗಿಸುವ ಘೋಷಣೆಯಾದ ಕೆಲವೇ ತಿಂಗಳಲ್ಲಿ ರಾಕಿ ಲಿನಕ್ಸ್, ಅಲ್ಮಾಲಿನಕ್ಸ್ ಎದ್ದು ನಿಂತವು, ಏಕೆಂದರೆ ಮೂಲ ಸಂಕೇತ ಎಲ್ಲರ ಕೈಯಲ್ಲಿತ್ತು, ಬೇಕಾದವರು ಬೇಕಾದಷ್ಟಿದ್ದರು. ನಾಲ್ಕೇ ಜನ ಬಳಸುವ ತಂತ್ರಾಂಶ ಮುಚ್ಚಿದರೆ ಅಳುವವರೂ ಇರುವುದಿಲ್ಲ, ಮತ್ತೆ ಕಟ್ಟುವವರೂ ಇರುವುದಿಲ್ಲ. ಕಂಪನಿಗಳು ದೂರವಿರಲಿ ಎನ್ನುವವರಿಗೆ ಇನ್ನೊಂದು ಮಾತು. ಇವತ್ತು ಲಿನಕ್ಸಿನ ತಿರುಳಾದ ಕರ್ನೆಲ್ ಬರೆಯುವವರಲ್ಲಿ ಹೆಚ್ಚಿನವರು ಯಾವುದಾದರೊಂದು ಕಂಪನಿಯ ಸಂಬಳದಲ್ಲೇ ಇದ್ದಾರೆ. ಅವರು ಬರೆದ ಡ್ರೈವರಿನಿಂದಲೇ ನಿಮ್ಮ ವೈಫೈ ಓಡುತ್ತಿದೆ.

ಈಗ ನನಗೆ ನಿಜವಾಗಿ ಸಿಟ್ಟು ತರಿಸಿದ ಮಾತಿಗೆ ಬರುತ್ತೇನೆ. “ಏನೂ ಗೊತ್ತಿಲ್ಲದವರು ಬಂದು ಗುಣಮಟ್ಟ ಇಳಿಸುತ್ತಾರೆ.” ಕನ್ನಡದಲ್ಲಿ ಕೆಲಸ ಮಾಡುವವರು ಈ ಮಾತಾಡಬಾರದು. ಇಪ್ಪತ್ತು ವರ್ಷದ ಹಿಂದಿನ ಲಿನಕ್ಸಿನಲ್ಲಿ ಕನ್ನಡ ಹೇಗಿತ್ತು, ನೆನಪಿದೆಯೆ? ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತಿತ್ತು, ಅರ್ಕಾವತ್ತು ತನ್ನ ಜಾಗ ಬಿಟ್ಟು ಎಲ್ಲೋ ಕೂರುತ್ತಿತ್ತು. ಒಂದು ತಂತ್ರಾಂಶದಲ್ಲಿ ಸರಿ ಕಂಡ ಸಾಲು ಇನ್ನೊಂದರಲ್ಲಿ ಚಿಂದಿ. ಅಕ್ಷರ ಜೋಡಿಸುವ ತಂತ್ರಾಂಶಗಳಲ್ಲಿ ಪ್ಯಾಂಗೊ ಒಂದು ರೀತಿ, ಕ್ಯೂಟಿ ಇನ್ನೊಂದು ರೀತಿ, ಐಸಿಯು ಮತ್ತೊಂದು ರೀತಿ ಜೋಡಿಸುತ್ತಿದ್ದದ್ದೇ ಕಾರಣ. ದೂರು ಕೊಡುವ ಕನ್ನಡಿಗರು ಬೆರಳೆಣಿಕೆಯಷ್ಟು, ಕೇಳಿಸಿಕೊಳ್ಳುವವರು ಅದಕ್ಕಿಂತ ಕಡಿಮೆ. ಆಮೇಲೆ ‘ಹಾರ್ಫ್‌ಬಜ್’ ಎಂಬ ಒಂದೇ ಅಕ್ಷರಜೋಡಣೆಯ ಯಂತ್ರವನ್ನು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಎಲ್ಲವೂ ಬಳಸತೊಡಗಿದವು. 2017ರ ಲಿಬ್ರೆಆಫೀಸ್ 5.3 ಕೂಡ ಪೂರ್ತಿಯಾಗಿ ಅದಕ್ಕೆ ಹೊರಳಿತು. ಫೋನಿನಲ್ಲಿ ಕನ್ನಡ ಓದುವ ಕೋಟ್ಯಂತರ ಜನರಿಗಾಗಿ ಆದ ತಿದ್ದುಪಡಿ ನಮ್ಮ ಮೇಜಿನ ಲಿನಕ್ಸಿಗೆ ಪುಕ್ಕಟೆಯಾಗಿ ಬಂತು. ಏನೂ ಗೊತ್ತಿಲ್ಲದವರೆಂದು ನೀವು ಕರೆದ ಜನ ಅವರೇ.

ಶಾಲೆಗಳ ಕಥೆಯೂ ಇದನ್ನೇ ಹೇಳುತ್ತದೆ. 2011ರ ಆಸುಪಾಸಿನಲ್ಲಿ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಆರಂಭಿಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಸರ್ಕಾರಿ ಪ್ರೌಢಶಾಲೆಯ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಮೇಷ್ಟರುಗಳು ಕಲಿತದ್ದು ಉಬುಂಟುವಿನ ಮೇಲೆ. ಮೌಸ್ ಹಿಡಿಯಲು ಅಂಜುತ್ತಿದ್ದವರು ಜಿಯೋಜೀಬ್ರಾದಲ್ಲಿ ತ್ರಿಭುಜ ತಿರುಗಿಸಿದರು, ಕರ್ನಾಟಕದ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣಕ್ಕೆ ಕನ್ನಡದಲ್ಲಿ ಪಾಠ ಬರೆದರು. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಂತೂ ಶಾಲೆಯ ಕಂಪ್ಯೂಟರ್ ಎಂದರೇ ಲಿನಕ್ಸ್. ಕೇರಳದ ‘ಕೈಟ್’ ಸಂಸ್ಥೆ ಉಬುಂಟು ಆಧರಿಸಿ ತನ್ನದೇ ಆವೃತ್ತಿ ಸಿದ್ಧಪಡಿಸುತ್ತದೆ, ಐಟಿ ಪಠ್ಯಪುಸ್ತಕವನ್ನು ಕನ್ನಡದಲ್ಲೂ ಕೊಡುತ್ತದೆ. ಒಂದು ರಾಜ್ಯದ ಶಾಲೆಗಳೆಲ್ಲ ಬಳಸಿದ್ದರಿಂದ ಲಿನಕ್ಸ್ ಕೆಟ್ಟಿತೆಂದು ಯಾರಾದರೂ ತೋರಿಸಿಕೊಡಲಿ.

ನಾಲ್ಕನೆಯದು ಗಟ್ಟಿ ವಾದ. ಆಂಡ್ರಾಯ್ಡ್ ಒಳಗಿರುವುದೂ ಲಿನಕ್ಸ್ ಕರ್ನೆಲ್ಲೇ, ಅದಕ್ಕಿಂತ ಜನಪ್ರಿಯವಾದದ್ದು ಬೇರೆ ಇಲ್ಲ. ಅದರಿಂದ ನಮಗೆ ಯಾವ ಸ್ವಾತಂತ್ರ್ಯ ಸಿಕ್ಕಿತು? ಬೂಟ್‌ಲೋಡರಿಗೆ ಬೀಗ, ಡ್ರೈವರುಗಳೆಲ್ಲ ಗುಟ್ಟು, ಕಂಪನಿ ಅಪ್‌ಡೇಟ್ ನಿಲ್ಲಿಸಿದರೆ ಫೋನ್ ಮೂಲೆಗೆ. ಇದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಮೇಲೆ ಹೇಳಿದ ಅಕ್ಷರಜೋಡಣೆ, ಗೂಗಲ್ ಮುಕ್ತವಾಗಿ ಬಿಟ್ಟ ನೋಟೊ ಕನ್ನಡ ಅಕ್ಷರವಿನ್ಯಾಸ, ಹಳೆಯ ಫೋನಿಗೆ ಮರುಜೀವ ಕೊಡುವ ಲೀನಿಯೇಜ್‌ಓಎಸ್ ಇವೆಲ್ಲ ಸಿಕ್ಕಿದ್ದು ನಿಜ. ಬೀಗದ ಕೈ ಮಾತ್ರ ಸಿಗಲಿಲ್ಲ. ಆದರೆ ಬೀಗ ಹಾಕಿದವರು ಬಳಕೆದಾರರಲ್ಲ, ತಯಾರಕರು. ಲಿನಕ್ಸ್ ಇಷ್ಟು ಹರಡದೆ ಇದ್ದಿದ್ದರೆ ಅವರು ಬೇರೆ ಕರ್ನೆಲ್ ಹಾಕಿ ಅದೇ ಬೀಗ ಜಡಿಯುತ್ತಿದ್ದರು.

“ನಮ್ಮೂರ ಅಂಗಡಿಗಳಿಗೆ ಇದು ಹೊಂದುವುದಿಲ್ಲ, ಬಂದವರು ನಾಲ್ಕು ದಿನಕ್ಕೆ ಬೈದು ಓಡಿಹೋಗುತ್ತಾರೆ” ಎಂಬುದು ಕೊನೆಯ ಮಾತು. ಕೆಲವರು ಹೋಗುತ್ತಾರೆ. ಅಂಗಡಿಯವರ ತಕರಾರು ಏನೆಂದು ನೋಡಿದರೆ ಅದು ಲಿನಕ್ಸಿನದಲ್ಲ. ಕೀಲಿಮಣೆಗೆ ತೊಂದರೆಯಿಲ್ಲ: ಕೆ.ಪಿ. ರಾವ್ ಅವರ ವಿನ್ಯಾಸವೇ ‘ಕಗಪ’ ಎಂಬ ಹೆಸರಿನಲ್ಲಿ ಲಿನಕ್ಸಿನ ಪಟ್ಟಿಯಲ್ಲಿದೆ, ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳು ಹಾಗೇ ಓಡುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಕ್ರಯಪತ್ರ, ಕರಾರುಗಳ ಕಡತ ಯೂನಿಕೋಡ್ ಅಲ್ಲವಾದ್ದರಿಂದ ತೆರೆದರೆ ಗೋಜಲು ಕಾಣುತ್ತದೆ; ಪರಿವರ್ತಕಗಳಿವೆ, ಅವುಗಳಿಗೆ ಹಾಕಿದ ಮೇಲೂ ಒಮ್ಮೆ ಕಣ್ಣಾಡಿಸಬೇಕು. ನಿಜವಾದ ಗೋಡೆ ಇರುವುದು ಬೆರಳಚ್ಚು ಯಂತ್ರಗಳಲ್ಲಿ. ಆಧಾರ್ ದೃಢೀಕರಣಕ್ಕೆ ಬೇಕಾದ ತಂತ್ರಾಂಶವನ್ನು ಅವುಗಳ ತಯಾರಕರು ಬಹುಪಾಲು ವಿಂಡೋಸಿಗೂ ಆಂಡ್ರಾಯ್ಡಿಗೂ ಮಾತ್ರ ಮಾಡಿಕೊಡುತ್ತಾರೆ. ಯಾಕೆ ಎಂದರೆ, ಲಿನಕ್ಸಿನಲ್ಲಿ ಕೇಳುವವರೇ ಇಲ್ಲ ಎನ್ನುವುದು ಅವರ ಲೆಕ್ಕ. ಅಂಥ ಯಂತ್ರವಿರುವ ಮೇಜಿಗೆ ಸದ್ಯಕ್ಕೆ ವಿಂಡೋಸ್ ಇರಲಿ, ಪಕ್ಕದ ಟೈಪಿಂಗ್ ಮೇಜಿಗೆ ಲಿನಕ್ಸ್ ಬರಲಿ. ಜನ ಸೇರಬಾರದೆಂದು ನಾವೇ ಬಾಗಿಲಲ್ಲಿ ನಿಂತರೆ ಆ ಲೆಕ್ಕ ಮುಂದಿನ ವರ್ಷವೂ ಹಾಗೇ ಇರುತ್ತದೆ.