ಮೇಲೆ ಥಳಕು, ಒಳಗೆ ಹುಳುಕು

ಆಯುಧಪೂಜೆಯ ಮುನ್ನಾ ದಿನ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಯಾವ ಮನೆಯ ಅಂಗಳವನ್ನು ಹೊಕ್ಕರೂ ಕಾಣುವ ನೋಟ ಹೆಚ್ಚುಕಡಿಮೆ ಒಂದೇ. ಮನೆಯ ಯಜಮಾನರು ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ ಕಾರಿಗೆ ನೀರು ಹೊಯ್ಯುತ್ತಿರುತ್ತಾರೆ, ಮಕ್ಕಳು ನೆರವಾಗುವ ನೆಪದಲ್ಲಿ ಒಬ್ಬರ ಮೇಲೊಬ್ಬರು ನೀರೆರಚಿಕೊಳ್ಳುತ್ತಿರುತ್ತಾರೆ, "ಪೂಜೆ ಕಾರಿಗೋ, ಕೆಸರಿಗೋ?" ಎಂದು ಮನೆಯಾಕೆ ಒಳಗಿನಿಂದಲೇ ವಿಚಾರಿಸುತ್ತಿರುತ್ತಾರೆ. ಮೈಯೆಲ್ಲ ತೊಳೆದು ಮುಗಿದ ಮೇಲೆ ಸರದಿ ಚಕ್ರಗಳದು. ಅಲ್ಲಿ ಕೈ ತಡೆಯುತ್ತದೆ. ಹಿಂದಿನ ವರ್ಷ ಕನ್ನಡಿಯಂತಿದ್ದ ಕ್ರೋಮಿಯಮ್ ಲೇಪದ ಮೇಲೆ ಸಾಸಿವೆ ಚೆಲ್ಲಿದಂತೆ ಕಂದು ಚುಕ್ಕೆಗಳು! ಉಗುರಿನಿಂದ ಸವರಿದರೆ ಪ್ರತಿಯೊಂದು ಚುಕ್ಕೆಯ ನಡುವೆ ಸೂಜಿಮೊನೆಯಷ್ಟು ಗುಳಿ.

ಈಗಿನ ಕಾರುಗಳಲ್ಲಿ ಬಹುಪಾಲಿನವು ಬಣ್ಣ ಬಳಿದ ಚಕ್ರಗಳೆಂಬುದು ನಿಜ. ಆದರೆ ತಂದೆಯ ಕಾಲದ ಅಂಬಾಸಿಡರನ್ನೋ ಪದ್ಮಿನಿಯನ್ನೋ ಮಾರಲು ಮನಸ್ಸು ಬಾರದೆ ಇರಿಸಿಕೊಂಡ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅವುಗಳ ಚಕ್ರದ ಮುಚ್ಚಳಗಳು, ಬುಲೆಟ್ಟಿನ ರಿಮ್ಮುಗಳು, ಮೈಸೂರಿನ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳ ರಿಮ್ಮುಗಳು, ಶೋಕಿಗೆಂದು ಹಾಕಿಸಿಕೊಂಡ ಹೊಳಪಿನ ಚಕ್ರಗಳು, ಇವೆಲ್ಲವುಗಳ ಕಥೆಯೂ ಒಂದೇ. ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಹಳೆಯ ವಾಹನಗಳ ಸಾಲನ್ನು ಕಣ್ತುಂಬ ನೋಡಿ ಬಂದವರಿಗೆ, ಮನೆಯ ಕೊಟ್ಟಿಗೆಯಲ್ಲಿ ನಿಂತ ತಮ್ಮ ಹಳೆಯ ಗಾಡಿಯನ್ನು ಕಂಡು ಒಂದು ನಿಟ್ಟುಸಿರು ಬರುವುದು ಸಹಜ.

ಹೊಳಪಿಗೆ ಮದ್ದು ಹೇಳುವ ಮೊದಲು ರೋಗ ಯಾವುದೆಂದು ತಿಳಿಯಬೇಕು. ಕಬ್ಬಿಣಕ್ಕೆ ಹಿಡಿಯುವುದನ್ನು ಕನ್ನಡವು ತುಕ್ಕು ಎನ್ನುತ್ತದೆ. ತಾಮ್ರ ಹಿತ್ತಾಳೆಗಳಿಗೆ ಹಿಡಿಯುವುದನ್ನು ಕಿಲುಬು ಎನ್ನುತ್ತದೆ. ಕ್ರೋಮಿಯಮ್ಮಿನ ಪಾಲಿಗೆ ಇಂಥದೊಂದು ಪದ ಹುಟ್ಟಲಿಲ್ಲ. ಹುಟ್ಟುವ ಅಗತ್ಯವೂ ಇರಲಿಲ್ಲ. ಫ್ರಾನ್ಸಿನ ವೋಕ್ಲಾನ್ ಎಂಬ ರಸಾಯನಶಾಸ್ತ್ರಜ್ಞನು 1797ರಲ್ಲಿ ಗುರುತಿಸಿದ ಈ ಲೋಹವು ಗಾಳಿ ಸೋಕಿದೊಡನೆ ತನ್ನ ಮೈಮೇಲೆ ತಾನೇ ಒಂದು ಅದೃಶ್ಯವಾದ ಪೊರೆಯನ್ನು ಹೊದ್ದುಕೊಳ್ಳುತ್ತದೆ. ಆದಕಾರಣ ಅದು ಸುಲಭವಾಗಿ ಕೆಡುವುದಿಲ್ಲ. ನಮ್ಮ ಹಾಸನ ಜಿಲ್ಲೆಯ ಬೈರಾಪುರದಲ್ಲಿಯೂ ಇದರ ಅದಿರು ಉಂಟು. ಹಾಗಾದರೆ ಚಕ್ರದ ಮೇಲಣ ತುಕ್ಕು ಯಾರದು? ಕೆಳಗಿನ ಉಕ್ಕಿನದು!

ಹಳೆಯ ಕಾಲದ ಕಲಾಯಿಯನ್ನು ನೆನೆದುಕೊಂಡರೆ ಸಂಗತಿ ಸ್ಪಷ್ಟವಾದೀತು. ತಾಮ್ರದ ಪಾತ್ರೆಗೆ ತವರದ ತೆಳುಪದರವಿರುವಂತೆ, ಉಕ್ಕಿನ ಚಕ್ರಕ್ಕೆ ಮೊದಲು ನಿಕ್ಕಲ್ಲಿನ ಪದರ, ಅದರ ಮೇಲೆ ಕ್ರೋಮಿಯಮ್ಮಿನ ಪದರ. ಈ ಮೇಲಿನ ಪದರವು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲಿನಷ್ಟು ಮಾತ್ರ. ತಲೆಗೂದಲಿನ ನೂರರಲ್ಲೊಂದು ಅಂಶಕ್ಕಿಂತಲೂ ತೆಳು. ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಇದ್ದೇ ಇರುತ್ತವೆ. ಅವುಗಳ ಮೂಲಕ ಉಪ್ಪು ಬೆರೆತ ತೇವ ಇಳಿದರೆ ಮೊದಲು ನಿಕ್ಕಲ್ ಸವೆಯುತ್ತದೆ, ಅನಂತರ ಉಕ್ಕು ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ ಮೇಲಿನ ಪದರವನ್ನು ಒಡೆದು ಹೊರಗೆ ಇಣುಕಿದಾಗಲೇ ನಮಗೆ ಅದರ ಅರಿವು. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆಗೆ ಇದಕ್ಕಿಂತ ನೇರವಾದ ಉದಾಹರಣೆ ಬೇಕೆ?

ನಮ್ಮ ಸೀಮೆಯಲ್ಲಿ ಈ ಹುಳುಕಿಗೆ ಅನುಕೂಲ ಬಹಳ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ, ಬಂಟ್ವಾಳದಿಂದ ಕೂಗಳತೆಯಲ್ಲಲ್ಲದಿದ್ದರೂ ಒಂದು ಗಂಟೆಯೊಳಗೆ ತಲಪಬಹುದಾದ ಕಡಲು, ಭಾನುವಾರ ಪಣಂಬೂರಿಗೆ ಹೋಗಿ ಚಕ್ರಕ್ಕೆ ಮೆತ್ತಿಸಿಕೊಂಡು ಬರುವ ಮರಳು, ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕಿನಿಂದ ಉದುರುವ ಬಿಸಿಯಾದ ಕಬ್ಬಿಣದ ಹುಡಿ, ಎಲ್ಲವೂ ಸೇರುತ್ತವೆ. ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಬೇಗ ಕೆಡುವುದಕ್ಕೆ ಈ ಬ್ರೇಕಿನ ಹುಡಿಯೇ ಒಂದು ಮುಖ್ಯ ಕಾರಣ. ಇನ್ನು ಮುರಕಲ್ಲಿನ ಕೆಂಧೂಳು ತುಕ್ಕಿನಂತೆಯೇ ಕಾಣುತ್ತದೆ. ಅದೂ ಕಬ್ಬಿಣದ ಭಸ್ಮವೇ ತಾನೆ! ಆದರೆ ಅದು ಸಾಬೂನು ನೀರಿಗೆ ಹೋಗುತ್ತದೆ. ಹೋಗದೆ ಉಳಿದದ್ದು ತುಕ್ಕು.

ಆದ್ದರಿಂದ ಒಂದು ಮಾತನ್ನು ಮೊದಲೇ ಒಪ್ಪಿಕೊಳ್ಳಬೇಕು. ಗುಳಿ ಎಂಬುದು ಕೊಳೆಯಲ್ಲ, ನಷ್ಟ. ಕೊಳೆಯನ್ನು ತೊಳೆಯಬಹುದು, ಹೋದ ಲೋಹವನ್ನು ತಿಕ್ಕಿ ತರಲಾಗದು. ಮನೆಯಲ್ಲಿ ನಾವು ಮಾಡಬಹುದಾದುದು ಎರಡೇ ಕೆಲಸ: ಹೊರಗೆ ಬಂದ ತುಕ್ಕನ್ನು ತೆಗೆಯುವುದು, ಉಳಿದ ಲೇಪವನ್ನು ಕಾಯುವುದು. ಇಷ್ಟು ಮಾಡಿದರೆ ನಾಲ್ಕು ಮಾರು ದೂರದಿಂದ ಚಕ್ರ ಮತ್ತೆ ಹೊಸದರಂತೆ ಕಂಡೀತು. ಹತ್ತಿರ ಬಂದು ಬಗ್ಗಿ ನೋಡುವ ಬೀಗರಿಗೆ ಮಾತ್ರ ಕಪ್ಪು ಚುಕ್ಕೆಗಳು ಕಂಡಾವು!

ಕ್ರಮ ಹೀಗೆ. ಚಕ್ರವು ನಿಜವಾಗಿ ಉಕ್ಕಿನ ಮೇಲಿನ ಕ್ರೋಮಿಯಮ್ಮೇ ಎಂದು ನೋಡಿಕೊಳ್ಳಿ. ಅಯಸ್ಕಾಂತ ಅಂಟಿದರೆ ಉಕ್ಕು. ಅಂಟದಿದ್ದರೆ ಅದು ಅಲ್ಯೂಮಿನಿಯಮ್ಮೋ ಪ್ಲಾಸ್ಟಿಕ್ಕೋ ಇರಬೇಕು; ಅವುಗಳ ಮೇಲೆ ವಾರ್ನಿಷ್ ಇರುವುದರಿಂದ ತಿಕ್ಕಿದರೆ ಗೀರು ಬೀಳುತ್ತದೆ. ಬಿಸಿಲಿನಲ್ಲಿ ಕಾದ ಚಕ್ರವನ್ನು ಮುಟ್ಟಬೇಡಿ, ನೆರಳಿನಲ್ಲಿ ತಣ್ಣಗಾಗಲಿ. ಧಾರಾಳವಾಗಿ ನೀರು ಹೊಯ್ದು ಮರಳನ್ನೆಲ್ಲ ಇಳಿಸಿ, ಸೌಮ್ಯವಾದ ಸಾಬೂನಿನಿಂದ ತೊಳೆಯಿರಿ. ಚಕ್ರದ ಬಟ್ಟೆ ಬೇರೆ, ಕಾರಿನ ಮೈಯ ಬಟ್ಟೆ ಬೇರೆ ಇರಲಿ.

ಬಳಿಕ ರೊಟ್ಟಿ ಸುತ್ತುವ ಅಲ್ಯೂಮಿನಿಯಮ್ ಹಾಳೆಯ ಒಂದು ತುಂಡನ್ನು ಮುದುಡಿ, ನೀರಿನಲ್ಲಿ ಅದ್ದಿ, ಚುಕ್ಕೆಗಳ ಮೇಲೆ ಹಗುರವಾಗಿ ಉಜ್ಜಿ. ಅಲ್ಯೂಮಿನಿಯಮ್ ಕ್ರೋಮಿಯಮ್ಮಿಗಿಂತ ಎಷ್ಟೋ ಮೃದು. ಆದ್ದರಿಂದ ಲೇಪಕ್ಕೆ ಗೀರಾಗದೆ ತುಕ್ಕು ಮಾತ್ರ ಕೆರೆದು ಬರುತ್ತದೆ. ಕಂದು ಬಣ್ಣದ ಕೆಸರು ಏಳುತ್ತದೆ. ಒರೆಸಿ, ಹೊಸ ತುಂಡು ಹಿಡಿದು ಮುಂದುವರಿಸಿ. ಮೊದಲು ಕಣ್ಣಿಗೆ ಬೀಳದ ಒಳಬದಿಯಲ್ಲಿ ಪರೀಕ್ಷಿಸುವುದು ಲೇಸು. ಲೇಪ ಸಿಪ್ಪೆಯಂತೆ ಎದ್ದ ಕಡೆ ಅಂಚು ಬ್ಲೇಡಿನಷ್ಟು ಹರಿತ. ಕೈಗವಸು ಇರಲಿ, ಮಕ್ಕಳ ಕೈ ದೂರವಿರಲಿ. ಮರಳುಕಾಗದವನ್ನಂತೂ ಹತ್ತಿರ ತರಬೇಡಿ. ಅದು ರೋಗದೊಡನೆ ರೋಗಿಯನ್ನೂ ಮುಗಿಸುತ್ತದೆ.

ಇಲ್ಲಿ ನಮ್ಮ ಮನೆಗಳ ಹಿರಿಯರಿಂದ ಒಂದು ಸಲಹೆ ಬಾರದಿರದು: "ಬಿಂಬುಳಿ ಹಿಂಡಿ ತಿಕ್ಕಬಾರದೇ?" ಬಿಂಬುಳಿ, ಹುಣಸೆಹುಳಿಗಳಿಂದ ಮೂಡುಬಿದಿರೆಯ ಮನೆಗಳ ಹಿತ್ತಾಳೆ ದೀಪಗಳು ಬೆಳಗುವುದೇನೋ ನಿಜ. ಆದರೆ ದೀಪವು ಒಳಗೂ ಹೊರಗೂ ಹಿತ್ತಾಳೆಯೇ. ಒಂದಿಷ್ಟು ಸವೆದರೆ ಕೆಳಗೂ ಹಿತ್ತಾಳೆಯೇ ಸಿಕ್ಕುತ್ತದೆ. ಚಕ್ರದಲ್ಲಿ ಹುಳಿಯು ಗುಳಿಯೊಳಗೆ ಇಳಿದು ಅಲ್ಲಿಯೇ ಕುಳಿತು ತನ್ನ ಕೆಲಸ ಮುಂದುವರಿಸುತ್ತದೆ. ಅನಿವಾರ್ಯವಾದರೆ ಚುಕ್ಕೆಯ ಮೇಲಷ್ಟೇ ಒಂದೆರಡು ನಿಮಿಷ ಹಚ್ಚಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆಯಿರಿ.

ಬಚ್ಚಲು ತೊಳೆಯುವ ಆಸಿಡ್ ಮಾತ್ರ ಬೇಡವೇ ಬೇಡ. ಅದು ಕ್ರೋಮಿಯಮ್ಮನ್ನೇ ಕರಗಿಸುತ್ತದೆ; ಅದರ ಹೊಗೆಗೆ ಕೊಟ್ಟಿಗೆಯ ಇತರ ಕಬ್ಬಿಣವೂ ತುಕ್ಕು ಹಿಡಿಯುತ್ತದೆ; ಬ್ಲೀಚಿಂಗ್ ಪುಡಿಯೊಡನೆ ಸೇರಿದರೆ ವಿಷಾನಿಲ ಏಳುತ್ತದೆ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ನಮ್ಮ ಅಂಗಳದ ಕೆಳಗಿರುವುದು ತೂತುತೂತಾದ ಮುರಕಲ್ಲು. ಅಂಗಳದ ಅಂಚಿನಲ್ಲಿರುವುದು ಬಾವಿ. ಇಂದು ಚಕ್ರ ತೊಳೆದು ಚೆಲ್ಲಿದ ನೀರು ನಾಳೆ ಎಲ್ಲಿಗೆ ಹೋದೀತೆಂದು ಯೋಚಿಸಿ. ಮನೆಯಲ್ಲಿಯೇ ಕ್ರೋಮಿಯಮ್ ಲೇಪ ಹಾಕುತ್ತೇನೆಂಬ ಹುರುಪು ಕೆಲವು ತರುಣರಿಗಿದೆ. ಆ ಕೆಲಸದ ದ್ರಾವಣದಲ್ಲಿರುವ ಷಡ್ವೇಲೆನ್ಸಿಯ ಕ್ರೋಮಿಯಮ್ ಅರ್ಬುದರೋಗವನ್ನು ತರುವ ವಿಷ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಅದು ಸೇರಿರುವುದು ಪರೀಕ್ಷೆಗಳಿಂದ ತಿಳಿದುಬಂದಿದೆ. ಕಲಾಯಿಗಾರನು ತಿದಿ, ಇದ್ದಿಲು, ನವಸಾಗರಗಳೊಡನೆ ಮನೆಯ ಬಾಗಿಲಿಗೇ ಬಂದು ಕೆಲಸ ಮುಗಿಸುತ್ತಿದ್ದನು; ಕ್ರೋಮಿಯಮ್ಮಿನ ಕಲಾಯಿ ಅಂಗಳದ ವಿದ್ಯೆಯಲ್ಲ. ಲೇಪ ಎದ್ದೇಹೋಗಿದ್ದರೆ, ಕೊಳಕು ನೀರನ್ನು ಶುದ್ಧಿಮಾಡುವ ವ್ಯವಸ್ಥೆಯುಳ್ಳ ಕಾರ್ಖಾನೆಗೆ ಕೊಡುವುದೇ ದಾರಿ.

ತಿಕ್ಕಿ ಮುಗಿದ ಮೇಲೆ ಗುಳಿಗಳಲ್ಲಿ ನೀರು ಉಳಿಯದಂತೆ ಒರೆಸಿ, ಸೈಕಲ್ ಪಂಪಿನಿಂದ ಗಾಳಿ ಹಾಯಿಸಿ, ಚೆನ್ನಾಗಿ ಒಣಗಿಸಿ. ಅನಂತರ ಕಾರಿಗೆ ಹಚ್ಚುವ ಮೇಣವನ್ನು ಗುಳಿಯೊಳಗೆ ಇಳಿಯುವಂತೆ ತೀಡಿ, ಮೆತ್ತನೆಯ ಬಟ್ಟೆಯಿಂದ ಒರೆಸಿ. ತೆಂಗಿನೆಣ್ಣೆ ನಮ್ಮೂರಿನ ಸರ್ವೌಷಧವಾದರೂ ಇಲ್ಲಿ ಬೇಡ. ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಮೇಣವಾಗಲಿ ಎಣ್ಣೆಯಾಗಲಿ ಬ್ರೇಕಿಗೆ ತಗಲಕೂಡದು. ಟೈರು ಕೂರುವ ಅಂಚಿನಲ್ಲಿ ತುಕ್ಕು ಕಂಡರೆ ಅದು ಅಂದದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಅಲ್ಲಿಂದ ಗಾಳಿ ಸೋರಬಹುದು. ಟೈರಿನ ಅಂಗಡಿಯವರಿಗೆ ಒಮ್ಮೆ ತೋರಿಸಿ.

ಕೊನೆಯದಾಗಿ ಕಾಲದ ವಿಚಾರ. ನಾವು ವಾಹನವನ್ನು ಶ್ರದ್ಧೆಯಿಂದ ತೊಳೆಯುವುದು ಆಯುಧಪೂಜೆಗೆ. ಅಷ್ಟರಲ್ಲಿ ನಾಲ್ಕು ತಿಂಗಳ ಮಳೆ ತನ್ನ ಕೆಲಸವನ್ನು ಮುಗಿಸಿರುತ್ತದೆ. ಪೂಜೆಗೆ ತೊಳೆಯುವುದು ತಪ್ಪಲ್ಲ. ಅದಕ್ಕೂ ಮೊದಲು ಒಮ್ಮೆ ಕಾಯಬೇಕು. ತುಳುನಾಡಿನಲ್ಲಿ ಅದಕ್ಕೊಂದು ದಿನ ಗೊತ್ತಾಗಿಯೇ ಇದೆ: ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ ಬರುವ ಪತ್ತನಾಜೆ. ಅಂದು ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ರೈತನು ಮಳೆಗೆ ಸಿದ್ಧನಾಗುತ್ತಾನೆ. ಆ ವಾರವೇ ಚಕ್ರಗಳಿಗೆ ಮೇಣ ಬೀಳಲಿ. ಮಳೆಗಾಲದಲ್ಲಿ ಬಿಡುವು ಕಂಡಾಗ, ಹದಿನೈದು ದಿನಕ್ಕೊಮ್ಮೆ, ಅದೇ ಕೆಲಸ ಮತ್ತೆ ನಡೆಯಲಿ. ಆಗ ನವರಾತ್ರಿಯ ಹೊತ್ತಿಗೆ ಚಕ್ರಕ್ಕೆ ಕುಂಕುಮದ ಬೊಟ್ಟು ಒಂದೇ ಇದ್ದೀತು; ತುಕ್ಕಿನ ಬೊಟ್ಟು ಅದರ ಜೊತೆಗೆ ಇರಲಾರದು.